ಸರ್ಕಾರಿ ಹಣದ ಸಮುದಾಯ ಸೇವೆಗಳಲ್ಲಿ ಪ್ರವೇಶ ಮತ್ತು ಸಮಪಾಲು: ಗದಗ ಸೀಮೆ

ಸರ್ಕಾರದ ಬೊಕ್ಕಸದಿಂದ ಪೂರ್ತಿಯಾಗಿಯೋ ಭಾಗಶಃ ಆಗಿಯೋ ಹಣ ಪಡೆದು ನಡೆಯುವ ಕುಡಿಯುವ ನೀರು, ಅಂಗನವಾಡಿ, ಶಾಲೆ, ವಸತಿನಿಲಯ, ದವಾಖಾನೆ, ರೇಷನ್ ಅಂಗಡಿ, ಬಸ್ಸು, ಸಮುದಾಯ ಭವನ ಮೊದಲಾದ ಸೇವೆಗಳು ಯಾರನ್ನೂ ಬಾಗಿಲಲ್ಲಿ ತಡೆಯಬಾರದು ಎಂಬುದು ಒಂದು ಕಟ್ಟಳೆ. ಹಿಂದೆ ಬಿದ್ದವರಿಗೆ ಅವರ ಪಾಲು ಎಣಿಸಿ ಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದು ಪ್ರವೇಶದ ಮಾತು, ಎರಡನೆಯದು ಸಮಪಾಲಿನ ಮಾತು. ಇವೆರಡೂ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಗಳಲ್ಲಿ ಬೆಳೆದು ಬಂದ ಬಗೆಯನ್ನೂ ಇಂದು ನಡೆಯುವ ರೀತಿಯನ್ನೂ ಈ ಲೇಖನ ಹೇಳುತ್ತದೆ.

ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಗದಗ-ಬೆಟಗೇರಿಗೆ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿಗೆ ಪುರಸಭೆ, ಶಿರಹಟ್ಟಿಗೆ ಪಟ್ಟಣ ಪಂಚಾಯಿತಿ ಇದೆ. ಲಕ್ಷ್ಮೇಶ್ವರ ಬಹುಕಾಲ ಶಿರಹಟ್ಟಿ ತಾಲ್ಲೂಕಿನೊಳಗೇ ಇತ್ತು. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದಾಯಿತು. ತಹಶೀಲ್ದಾರ್ ಕಚೇರಿ ಹತ್ತಿರ ಬಂದರೆ ಮುದುಕಿಯ ಪಿಂಚಣಿ ಅರ್ಜಿಗೆ ಒಂದು ದಿನದ ಕೂಲಿ ಉಳಿಯುತ್ತದೆ. ಆಡಳಿತದ ಗಡಿ ಎಳೆಯುವುದು ಕೂಡ ಪ್ರವೇಶದ ಪ್ರಶ್ನೆಯೇ. 2011ರ ಜನಗಣತಿಯ ವೇಳೆಗೆ ಜಿಲ್ಲೆಯ ಜನಸಂಖ್ಯೆ 10.6 ಲಕ್ಷ ದಾಟಿತ್ತು. ಗಂಡಸರಲ್ಲಿ ನೂರಕ್ಕೆ ಸುಮಾರು 85 ಮಂದಿ ಅಕ್ಷರ ಬಲ್ಲವರಾದರೆ ಹೆಂಗಸರಲ್ಲಿ ಸುಮಾರು 65. ಬಹುತೇಕ ಯೋಜನೆಗಳ ಫಲಾನುಭವಿ ಹೆಂಗಸು, ಅರ್ಜಿ ಮಾತ್ರ ಬರವಣಿಗೆಯಲ್ಲಿ. ಮುಂದಿನ ಎಷ್ಟೋ ತೊಡಕುಗಳ ಬೇರು ಇಲ್ಲಿದೆ.

ಹಿನ್ನೆಲೆ

ಸಾರ್ವಜನಿಕ ಹಣದಿಂದ ಕಟ್ಟಿದ್ದು ಎಲ್ಲರಿಗೂ ತೆರೆದಿರಬೇಕು ಎಂಬ ಮಾತು ಈ ಸೀಮೆಗೆ ಸಂವಿಧಾನಕ್ಕಿಂತ ಮೊದಲೇ ಬಂದಿತ್ತು. 1923ರ ಆಗಸ್ಟ್‌ನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಅವರು ಮಂಡಿಸಿದ ಗೊತ್ತುವಳಿ ಅಂಗೀಕಾರವಾಯಿತು. ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳನ್ನು ಅಸ್ಪೃಶ್ಯರೆನಿಸಿಕೊಂಡವರು ಬಳಸಲು ಅವಕಾಶ ಕೊಡಬೇಕು ಎಂಬುದು ಅದರ ಸಾರ. ಪುರಸಭೆಗಳೂ ಲೋಕಲ್ ಬೋರ್ಡುಗಳೂ ಅದನ್ನು ಬಹಳ ಮಟ್ಟಿಗೆ ಕಡತದಲ್ಲೇ ಇಟ್ಟವು. 1926ರಲ್ಲಿ ಬೋಲೆ ಮತ್ತೆ ಎದ್ದು ನಿಂತು, ಗೊತ್ತುವಳಿಯನ್ನು ಜಾರಿಗೆ ತರದ ಸಂಸ್ಥೆಗಳಿಗೆ ಸರ್ಕಾರ ಅನುದಾನ ಕೊಡಬಾರದು ಎಂಬ ಮಾತನ್ನು ಮುಂದಿಟ್ಟರು. ಬಾಗಿಲು ತೆರೆಯದವರಿಗೆ ದುಡ್ಡೂ ಇಲ್ಲ ಎಂಬ ಶರತ್ತು ಈ ಭಾಗದ ಆಡಳಿತದಲ್ಲಿ ಕೇಳಿಬಂದದ್ದು ಹೀಗೆ. ಮರುವರ್ಷ, 1927ರಲ್ಲಿ, ಅಂಬೇಡ್ಕರರು ಮಹಾಡದ ಕೆರೆಗೆ ಇಳಿದಾಗ ಅವರ ಹಿಂದಿದ್ದ ಆಧಾರಗಳಲ್ಲಿ ಈ ಗೊತ್ತುವಳಿಯೂ ಒಂದು.

ಆದರೆ ಇದರ ವ್ಯಾಪ್ತಿ ನಾಲ್ಕೂ ಊರಿಗೆ ಒಂದೇ ಆಗಿರಲಿಲ್ಲ. ಗದಗ, ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತ್ಯದ ಬ್ರಿಟಿಷ್ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೂ ಸೇರಿದ್ದವು. ಮುಂಬಯಿ ಪರಿಷತ್ತಿನ ಮಾತು ಸಂಸ್ಥಾನಿಕರ ಊರುಗಳನ್ನು ಕಟ್ಟಿಹಾಕುತ್ತಿರಲಿಲ್ಲ. ಹತ್ತಿರ ಹತ್ತಿರದ ಎರಡು ಊರುಗಳ ಬಾವಿಗಳು ಬೇರೆ ಬೇರೆ ಕಾನೂನಿನಡಿ ಇದ್ದ ಈ ಸ್ಥಿತಿ 1948ರ ವಿಲೀನದವರೆಗೂ ನಡೆಯಿತು. ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ದೂದಪೀರಾಂ ದರ್ಗಾ ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದವು. ಧರ್ಮ ಧರ್ಮಗಳ ನಡುವಿನ ಆ ಸೌಹಾರ್ದವನ್ನು ಜಾತಿ ಜಾತಿಗಳ ನಡುವಿನ ನೀರಿನ ಲೆಕ್ಕಕ್ಕೆ ಸಾಕ್ಷಿಯಾಗಿ ಒಡ್ಡುವುದು ಸರಿಯಲ್ಲ, ಹಾಗೆ ಒಡ್ಡುವವರು ಇದ್ದಾರೆ.

ಸೇವೆಯೆಂಬ ಹೆಸರಿನಲ್ಲೇ ಜನರನ್ನು ಕಟ್ಟಿಹಾಕಿದ ಉದಾಹರಣೆಯೂ ಇಲ್ಲಿ ಉಂಟು. ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರಗಳಂತೆ ಗದಗದಲ್ಲೂ ಸರ್ಕಾರಿ ವಸಾಹತು ಇತ್ತು; ಆ ಭಾಗವನ್ನು ಜನ ಈಗಲೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಅಲ್ಲಿ ಶಾಲೆಯಿತ್ತು, ಕೆಲಸವಿತ್ತು, ಜತೆಗೆ ದಿನವೂ ಹಾಜರಿ ಕೊಡುವ ಕಟ್ಟುಪಾಡು. 1952ರಲ್ಲಿ ಆ ಕಾಯ್ದೆ ರದ್ದಾಗಿ ಅಲ್ಲಿದ್ದ ಸಮುದಾಯಗಳು ವಿಮುಕ್ತರೆನಿಸಿಕೊಂಡವು. ಹೆಸರಿಗೆ ಅಂಟಿದ ಸಂಶಯ ಕಳಚಲು ಕಾಯ್ದೆಗಿಂತ ಹೆಚ್ಚು ಕಾಲ ಹಿಡಿಯಿತು.

ಸಂವಿಧಾನ ಮತ್ತು ಹಣದ ಲೆಕ್ಕ

ಸಂವಿಧಾನದ 15ನೇ ಅನುಚ್ಛೇದದ 2ನೇ ಖಂಡ ಬೋಲೆ ಗೊತ್ತುವಳಿಯ ನೇರ ವಾರಸುದಾರ. ಸರ್ಕಾರಿ ನಿಧಿಯಿಂದ ಪೂರ್ಣವಾಗಿ ಇಲ್ಲವೇ ಭಾಗಶಃ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಸ್ಥಳಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. 29ನೇ ಅನುಚ್ಛೇದದ 2ನೇ ಖಂಡ ಅನುದಾನಿತ ಶಾಲೆಗಳಿಗೆ ಅದೇ ಮಾತು ಹೇಳುತ್ತದೆ. ಮಠಗಳು ನಡೆಸುವ ಅನುದಾನಿತ ಶಾಲೆ-ಕಾಲೇಜುಗಳು ಹೇರಳವಾಗಿರುವ ಈ ಜಿಲ್ಲೆಗೆ ಅದು ಮುಖ್ಯ. 17ನೇ ಅನುಚ್ಛೇದ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಅದನ್ನು ಆಚರಿಸಿದವರಿಗೆ ಶಿಕ್ಷೆ ವಿಧಿಸಲು 1955ರ ಕಾಯ್ದೆ ಬಂತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂಬ ಹೆಸರಾಯಿತು.

ತಡೆಯಬಾರದು ಎಂಬಲ್ಲಿಗೆ ಈ ಕಾನೂನುಗಳ ಕೆಲಸ ಮುಗಿಯುತ್ತದೆ. ಕೊಡಬೇಕು ಎಂಬ ಕೆಲಸ ಬಜೆಟ್‌ನದು. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ 2013ರ ಕರ್ನಾಟಕ ಕಾಯ್ದೆ, ಅಭಿವೃದ್ಧಿ ಹಣದಲ್ಲಿ ಈ ಸಮುದಾಯಗಳ ಜನಸಂಖ್ಯೆಗೆ ತಕ್ಕ ಪಾಲನ್ನು, ಅಂದರೆ ಶೇ. 24.10ರಷ್ಟನ್ನು, ತೆಗೆದಿಡಬೇಕೆಂದಿತು. ಅದರ 7(ಡಿ) ಕಲಮಿನ ಕಥೆ ಸ್ವಾರಸ್ಯದ್ದು. ಊರಿಗೆಲ್ಲ ಹೊಂದುವ ರಸ್ತೆಯನ್ನೋ ಸೇತುವೆಯನ್ನೋ ಕಟ್ಟಿ, ಅದರಲ್ಲಿ ದಲಿತರೂ ಓಡಾಡುತ್ತಾರೆಂದು ಹೇಳಿ, ವೆಚ್ಚದ ಒಂದು ಪಾಲನ್ನು ಉಪಯೋಜನೆಯ ಖರ್ಚೆಂದು ತೋರಿಸಲು ಅದು ಅವಕಾಶ ಕೊಟ್ಟಿತ್ತು. ಹಲವು ವರ್ಷಗಳ ಆಕ್ಷೇಪದ ನಂತರ 2023ರಲ್ಲಿ ಅದನ್ನು ತೆಗೆದುಹಾಕಿದರು. ನಗರಸಭೆ, ಪುರಸಭೆಗಳ ಕಡತಗಳಲ್ಲಿ ‘ಶೇ. 24.10, ಶೇ. 7.25, ಶೇ. 5’ ಎಂಬ ಮೂರು ಸಂಖ್ಯೆ ಒಟ್ಟಿಗೇ ಕಾಣುತ್ತವೆ: ಮೊದಲನೆಯದು ಪರಿಶಿಷ್ಟರ ಪಾಲು, ಎರಡನೆಯದು ಇತರ ಬಡವರದು, ಮೂರನೆಯದು ಅಂಗವಿಕಲರದು. ಈ ಹಣ ಮಾರ್ಚ್ ಬಂದಾಗ ಅವಸರದಲ್ಲಿ ಖರ್ಚಾಗುವುದು ರಾಜ್ಯದ ತುಂಬ ಹಳೆಯ ದೂರು. ವರ್ಷದ ಕೊನೆಗೆ ಹೊಲಿಗೆ ಯಂತ್ರ, ಲ್ಯಾಪ್‌ಟಾಪ್, ತ್ರಿಚಕ್ರ ವಾಹನಗಳ ವಿತರಣೆಯ ಫೋಟೊಗಳು ಪತ್ರಿಕೆಯಲ್ಲಿ ಸಾಲುಸಾಲಾಗಿ ಬರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನೀರು

ಬಾವಿಯ ಕಾಲ ಮುಗಿದು ನಳದ ಕಾಲ ಬಂದಾಗ ನೀರಿನ ಅಸಮಾನತೆ ರೂಪ ಬದಲಿಸಿತು. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಬರುತ್ತದೆ, ಆದರೆ ದಿನ ಬಿಟ್ಟು ದಿನವಲ್ಲ. ಬೇಸಿಗೆಯಲ್ಲಿ ಹತ್ತು, ಹದಿನೈದು ದಿನಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ತಡವಾಗಿ ನಳ ಬಿಡುವುದನ್ನು ಊರು ಒಗ್ಗಿಸಿಕೊಂಡಿದೆ. ಎಲ್ಲ ಓಣಿಗೂ ಒಂದೇ ಹೊತ್ತು ನೀರು ಬಿಟ್ಟರೆ ಸಮಪಾಲಾಯಿತೆಂದು ಕಾಗದ ಹೇಳೀತು. ನೆಲದಡಿ ಸಂಪು, ಮಾಳಿಗೆ ಮೇಲೆ ಟಾಕಿ, ಎತ್ತಲು ಮೋಟಾರು ಇದ್ದ ಮನೆಗೆ ಹದಿನೈದು ದಿನದ ನೀರು ಒಂದೇ ತಾಸಿನಲ್ಲಿ ಬಂದು ಕೂಡುತ್ತದೆ. ಬೆಟಗೇರಿಯ ಒಂದೇ ಕೋಣೆಯ ನೇಕಾರರ ಮನೆಯಲ್ಲಿ ಮಗ್ಗ ನಿಂತ ಮೇಲೆ ಉಳಿಯುವ ಜಾಗ ಎರಡು ಡ್ರಮ್ಮಿಗೆ ಸಾಕು. ಅವರು ಮೂರನೇ ದಿನವೇ ಕೊಡ ಹಿಡಿದು ಬೋರ್‌ವೆಲ್ ಕಡೆ ಹೊರಡುತ್ತಾರೆ. ನೀರು ಸರಬರಾಜಿನ ಸಮಪಾಲನ್ನು ನಳದ ಬಾಯಲ್ಲಿ ಅಳೆಯಬಾರದು, ಮನೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದರಲ್ಲಿ ಅಳೆಯಬೇಕು. ಯಾವ ನಿಯಮವೂ ಇನ್ನೂ ಹಾಗೆ ಅಳೆಯುತ್ತಿಲ್ಲ.

ಹಳ್ಳಿಗಳ ಕಷ್ಟ ಬೇರೆ. ಮುಂಡರಗಿ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತವೆ, ಆಮೇಲೆ ಮೂಳೆ ಬಾಗುತ್ತದೆ. ಗದಗಿನವರೇ ಆದ ಎಚ್.ಕೆ. ಪಾಟೀಲ ಅವರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಕಾಲದಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಊರೂರಿಗೆ ಬಂದವು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುವ ಈ ಘಟಕಕ್ಕೆ ಜಾತಿ ಗೊತ್ತಿಲ್ಲ, ಅದು ಸಣ್ಣ ಸಾಧನೆಯಲ್ಲ. ಅದಕ್ಕೆ ಗೊತ್ತಿರುವುದು ಬೇರೆ: ಕೈಯಲ್ಲಿ ಚಿಲ್ಲರೆ ಇದೆಯೇ, 20 ಕಿಲೊ ಹೊತ್ತು ನಡೆಯುವ ರಟ್ಟೆ ಇದೆಯೇ. ಮೋಟಾರು ಸುಟ್ಟೋ ಫಿಲ್ಟರ್ ಕಟ್ಟಿಯೋ ಘಟಕ ನಿಂತಾಗ ಬೈಕು ಇದ್ದವರು ಪಕ್ಕದ ಊರಿನಿಂದ ತರುತ್ತಾರೆ, ಇಲ್ಲದವರು ಮತ್ತೆ ಬೋರಿನ ನೀರಿಗೇ ಹೋಗುತ್ತಾರೆ. ತಾಂಡಾ ಊರಿನಿಂದ ದೂರವಿದ್ದರೆ ಘಟಕ ಸರಿಯಿದ್ದರೂ ಇದೇ ಗತಿ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರಿನಂತೆ ಮನೆ ಬಾಗಿಲಿಗೇ ನಳ ತರುವ ಯೋಜನೆ. ಪೈಪು ಮನೆಗೆ ಮುಟ್ಟಿದ ಮೇಲೂ ನದಿಯ ನೀರು ಅದರೊಳಗೆ ಬರಬೇಕಲ್ಲ ಎಂಬ ಪ್ರಶ್ನೆ ಉಳಿಯುತ್ತದೆ.

ಮಕ್ಕಳ ಊಟ

ಅಂಗನವಾಡಿ 1975ರಲ್ಲಿ ದೇಶದ 33 ಬ್ಲಾಕುಗಳಲ್ಲಿ ಪ್ರಯೋಗವಾಗಿ ಆರಂಭವಾಯಿತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎಲ್ಲ ಮಕ್ಕಳ ಹಕ್ಕಾಗಿ ಮಾಡಿತು. 2006ರ ಡಿಸೆಂಬರ್ 13ರ ಆದೇಶದಂತೆ ಪರಿಶಿಷ್ಟರ ಕೇರಿ-ತಾಂಡಾಗಳಿಗೆ ಮೊದಲ ಆದ್ಯತೆ; ಆರು ವರ್ಷದೊಳಗಿನ 40 ಮಕ್ಕಳಿದ್ದ ಜನವಸತಿ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕು. 2004ರ ಏಪ್ರಿಲ್ 20ರ ಆದೇಶ ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ಪಂಗಡದವರಿಗೂ ಆದ್ಯತೆ ಕೊಡಬೇಕೆಂದಿತು. ಸಮಪಾಲಿನ ನಿಯಮಗಳಲ್ಲಿ ಇದರಷ್ಟು ಮೂಲಕ್ಕೆ ಕೈಹಾಕಿದ್ದು ಮತ್ತೊಂದಿಲ್ಲ. ಯಾರು ಉಣ್ಣಬಹುದು ಎಂಬುದರ ಜತೆಗೆ ಯಾರು ಬೇಯಿಸಿ ಬಡಿಸಬೇಕು ಎಂಬುದನ್ನೂ ಅದು ಮುಟ್ಟಿತು. ಮಗು ಮನೆಯಿಂದ ತಂದ ಜಾತಿ ಸಾಲು ಕುಳಿತ ಪಡಸಾಲೆಯಲ್ಲಿ ಕರಗಬೇಕು ಎಂಬುದು ಅದರ ಎಣಿಕೆ.

2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿ ಊಟ ಶುರುವಾಯಿತು. ಪೌಷ್ಟಿಕ ಆಹಾರ ಮನೆಗೆ ಕೊಟ್ಟರೆ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಇಲ್ಲಿ ಬಂದೇ ಉಂಡರೆ ತಾಯಿಯ ಹೊಟ್ಟೆಗೆ ಸೇರುತ್ತದೆ ಎಂಬ ಲೆಕ್ಕ ಸರಿಯೇ. ತುಂಬು ಗರ್ಭಿಣಿ ಬಿಸಿಲಲ್ಲಿ ನಡೆದು ಬರಬೇಕು, ಹಸಿ ಬಾಣಂತಿ ಹೊಸಿಲು ದಾಟಬಾರದೆಂಬ ರೂಢಿ ಬಿಡಬೇಕು, ಹೊಲದ ಕೂಲಿಗೆ ಹೋದವಳು ಮಧ್ಯಾಹ್ನ ವಾಪಸು ಬರಬೇಕು ಎಂಬವು ಆ ಲೆಕ್ಕದಲ್ಲಿ ಇರಲಿಲ್ಲ.

ಮೊಟ್ಟೆಯ ವಿಷಯದಲ್ಲಿ ಗದಗಕ್ಕೆ ವಿಚಿತ್ರ ಪಾತ್ರ ಬಂತು. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಶಾಲಾ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಆರಂಭಿಸಿದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಂಬ ಏರ್ಪಾಟು ಇತ್ತು. ಪರಿಣಾಮ ಅಳೆಯಲು ನಡೆದ ಅಧ್ಯಯನದಲ್ಲಿ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜತೆ ಹೋಲಿಸಿದರು. ಅಧ್ಯಯನ ನಡೆಸಿದ್ದು ಗದಗದಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಯಾದಗಿರಿಯ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ತೂಕ ಎದ್ದುಕಾಣುವಂತೆ ಹೆಚ್ಚಿತ್ತು. 2022ರಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗೂ ಬಂತು. ಮುಂಡರಗಿ ತಾಲ್ಲೂಕಿನ ಗಡಿಯಾಚೆ ಕೊಪ್ಪಳ ಜಿಲ್ಲೆ. ಅಲ್ಲಿನ ಮಗುವಿಗೆ 371(ಜೆ) ಅನುಚ್ಛೇದದಡಿ ಶಿಕ್ಷಣ ಮತ್ತು ಉದ್ಯೋಗದ ಮೀಸಲು ಇದೆ, ಈಚೆಯ ಮಗುವಿಗೆ ಇಲ್ಲ. ಮಳೆ ಒಂದೇ, ಮಣ್ಣು ಒಂದೇ, ಗುಳೆಯ ದಾರಿಯೂ ಒಂದೇ. ಹಳೆಯ ಹೈದರಾಬಾದ್ ನಿಜಾಮರ ಗಡಿ ಮಾತ್ರ ಬೇರೆ ಮಾಡಿದೆ.

ತಾಂಡಾ ಮತ್ತು ಹಕ್ಕುಪತ್ರ

ಕಪ್ಪತಗುಡ್ಡದ ಸೆರಗಿನಲ್ಲೂ ಮುಂಡರಗಿ, ಶಿರಹಟ್ಟಿಗಳ ಎರೆಯಲ್ಲೂ ಲಂಬಾಣಿ ತಾಂಡಾಗಳು ಹಲವು. ಸೇವೆಗಳನ್ನು ಹಂಚುವಾಗ ಆಡಳಿತ ಎಣಿಸುವುದು ಕಂದಾಯ ಗ್ರಾಮವನ್ನು. ಯಾರದೋ ಸರ್ವೆ ನಂಬರಿನಲ್ಲಿ ತಲೆತಲಾಂತರ ಮನೆ ಕಟ್ಟಿಕೊಂಡವರಿಗೆ ಉತಾರ ಇಲ್ಲ. ಉತಾರ ಇಲ್ಲದೆ ಮನೆ ಕಟ್ಟುವ ಸಹಾಯಧನ ಇಲ್ಲ, ಬ್ಯಾಂಕಿನ ಸಾಲ ಇಲ್ಲ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಬಂತು. 2017ರಲ್ಲಿ ಜಾರಿಯಾದ ಭೂಸುಧಾರಣಾ ತಿದ್ದುಪಡಿ ದಾಖಲೆಯಿಲ್ಲದ ಜನವಸತಿಗಳಲ್ಲಿ ವಾಸವಿದ್ದವರಿಗೇ ಮನೆಯ ಜಾಗದ ಹಕ್ಕು ಕೊಡುವ ದಾರಿ ತೆರೆಯಿತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿಯ ಕೈಯಿಂದ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು ದೊಡ್ಡ ಸುದ್ದಿಯಾಯಿತು. ಅವು ಕಲ್ಯಾಣ ಕರ್ನಾಟಕದ ನಾಲ್ಕು ಜಿಲ್ಲೆ ಮತ್ತು ವಿಜಯಪುರದವು, ಗದಗದವಲ್ಲ. ಶಿರಹಟ್ಟಿ ವಿಧಾನಸಭಾ ಕ್ಷೇತ್ರ ಲಂಬಾಣಿಗಳೂ ಸೇರಿದ ಪರಿಶಿಷ್ಟ ಜಾತಿಗೆ ಮೀಸಲು. ಪ್ರಾತಿನಿಧ್ಯ ಇದ್ದಲ್ಲಿಯೂ ಕಂದಾಯ ಗ್ರಾಮದ ಕಡತ ತನ್ನದೇ ನಡಿಗೆಯಲ್ಲಿ ಸಾಗುತ್ತದೆ.

ಕಾಗದದ ಇನ್ನೊಂದು ತಡೆ ದೇವದಾಸಿಯರ ಮಕ್ಕಳದ್ದು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು, ಮಕ್ಕಳ ಬಗ್ಗೆ ಬಹುಮಟ್ಟಿಗೆ ಮೌನವಾಗಿತ್ತು. ಶಾಲೆ, ಹಾಸ್ಟೆಲ್, ವಿದ್ಯಾರ್ಥಿವೇತನ, ಎಲ್ಲ ಅರ್ಜಿಯಲ್ಲೂ ‘ತಂದೆಯ ಹೆಸರು’ ಎಂಬ ಖಾಲಿ ಗೆರೆ ಆ ಮಕ್ಕಳನ್ನು ಗುಮಾಸ್ತೆಯ ಮುಂದೆ ನಿಲ್ಲಿಸಿ ತಲೆ ತಗ್ಗಿಸುವಂತೆ ಮಾಡುತ್ತಿತ್ತು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ತಂದೆಯ ಹೆಸರನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು.

ಅಂಗವಿಕಲರು

ಅಂಧರ ವಿಷಯದಲ್ಲಿ ಗದಗಕ್ಕೆ ಸರ್ಕಾರಕ್ಕಿಂತ ಹಳೆಯ ಪರಂಪರೆ ಇದೆ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892-1944) ಕಟ್ಟಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳೂ ಬಡ ಮಕ್ಕಳೂ ಜಾತಿಯ ಹಂಗಿಲ್ಲದೆ ಸಂಗೀತ ಕಲಿತರು. ಅವರ ನಂತರ ಪುಟ್ಟರಾಜ ಗವಾಯಿಗಳು (1914-2010) ಅದನ್ನು ನಡೆಸಿದರು. ಭಕ್ತರ ಕಾಣಿಕೆಯ ಬಲದಲ್ಲಿ ನಡೆದ ಈ ಸೇವೆ ಅಂಧರನ್ನು ದುಡಿದು ತಿನ್ನುವ ಕಲಾವಿದರನ್ನಾಗಿ ಮಾಡಿತು. ಆಶ್ರಮದ ಪ್ರಸಿದ್ಧಿಯಿಂದಾಗಿ ಕುರುಡರ ಹೊಣೆಯನ್ನು ಜನ ಪುಣ್ಯದ ಖಾತೆಗೆ ಹಾಕಿ ಸುಮ್ಮನಾದರು ಎಂಬುದೂ ಅಷ್ಟೇ ನಿಜ. ಹಕ್ಕಿನ ಖಾತೆ ತೆರೆದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿತು, ಬಡತನ ನಿವಾರಣಾ ಯೋಜನೆಗಳಲ್ಲಿ ಶೇ. 5 ಮೀಸಲಿಟ್ಟಿತು, ನಿಯಮ ಪ್ರಕಟವಾದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸುಗಮಗೊಳಿಸಬೇಕೆಂದಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೆ ಮುಗಿದಿದೆ.

ಇಳಿಜಾರಿನ ಲೆಕ್ಕ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಕಟ್ಟೆ ಎರಡೂವರೆ ಅಡಿ ಎತ್ತರವಿದ್ದರೆ ಮೂವತ್ತು ಅಡಿ ಬೇಕು. ಗುತ್ತಿಗೆದಾರ ಮೆಟ್ಟಿಲ ಪಕ್ಕದ ಎಂಟು ಅಡಿ ಜಾಗದಲ್ಲಿ ಸಿಮೆಂಟ್ ಎಳೆದು, ಹಿಡಿಗಂಬಿ ನೆಟ್ಟು, ಬಿಲ್ಲು ಬರೆಯುತ್ತಾನೆ. ಆ ಇಳಿಜಾರಿನಲ್ಲಿ ಗಾಲಿಕುರ್ಚಿ ಏರುವುದಿಲ್ಲ, ಬೈಕು ಚೆನ್ನಾಗಿ ಏರುತ್ತದೆ. ಮೇಲೆ ಬಾಗಿಲ ಬಳಿ ಎರಡಿಂಚಿನ ಹೊಸಿಲು ಬೇರೆ. ಇಂಥ ಮಾನದಂಡಗಳನ್ನು ಬರೀ ಸಲಹೆಯಾಗಿ ಬಿಟ್ಟ, 2017ರ ಆ ನಿಯಮಾವಳಿಯ 15ನೇ ನಿಯಮ ಕಾಯ್ದೆಗೆ ವಿರುದ್ಧವೆಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಹೇಳಿತು. ಕಡ್ಡಾಯ ಮಾನದಂಡ ಬೇಕೆಂದಿತು.

ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿರುವುದು ಒಂದು ಸಣ್ಣ ಹುದ್ದೆ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಕಾರ್ಯಕರ್ತ ಇರುತ್ತಾರೆ. ಜನರ ಬಾಯಲ್ಲಿ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಇವರೂ ಅಂಗವಿಕಲರೇ, ದುಡಿಯುವುದು ಗೌರವಧನಕ್ಕೆ. ಮನೆಯೊಳಗೆ ಮುಚ್ಚಿಟ್ಟ ಮಗುವನ್ನು ಪತ್ತೆಮಾಡುವುದು, ಜಿಲ್ಲಾ ಆಸ್ಪತ್ರೆಯ ವೈದ್ಯರ ಮುಂದೆ ಕರೆದೊಯ್ದು ಗುರುತಿನ ಚೀಟಿ ಮಾಡಿಸುವುದು, ಪಿಂಚಣಿ ನಿಂತರೆ ತಹಶೀಲ್ದಾರ್ ಕಚೇರಿಗೆ ಅಲೆಯುವುದು ಇವರ ನಿತ್ಯದ ಕೆಲಸ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ವಿಷಯವೂ ಇದೇ. ನಿಯಮಕ್ಕೆ ಕಾಲು ಬರುವುದು ಊರಿನಲ್ಲಿ ಅದರ ಹೊಣೆ ಹೊತ್ತ, ಹೆಸರು ಹಿಡಿದು ಕರೆಯಬಹುದಾದ ಒಬ್ಬ ಮನುಷ್ಯ ಇದ್ದಾಗ. ಹಾಗಿದ್ದೂ ಇವರ ಕೆಲಸವನ್ನು ಸರ್ಕಾರ ಇಂದಿಗೂ ‘ಸೇವೆ’ ಎಂದು ಕರೆದು ಪಗಾರ ಎನ್ನಲು ಹಿಂಜರಿಯುತ್ತದೆ.

ದೂರ, ಬಸ್ಸು, ಹೆಬ್ಬೆಟ್ಟು

ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2015ರಲ್ಲಿ ಆರಂಭವಾದ ಮೇಲೆ ಹುಬ್ಬಳ್ಳಿಯ ಕಿಮ್ಸ್‌ಗೆ ಓಡುವುದು ಕಡಿಮೆಯಾಯಿತು. ಮುಂಡರಗಿಯಿಂದಲೂ ಲಕ್ಷ್ಮೇಶ್ವರದಿಂದಲೂ ಗದಗ ಸುಮಾರು 40 ಕಿಲೊಮೀಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಟಿಕೆಟ್ ದುಡ್ಡಿಲ್ಲ. ದವಾಖಾನೆಯ ಸರದಿಯಲ್ಲಿ ಒಂಟಿ ಹೆಂಗಸರು ಬಂದು ನಿಲ್ಲಲು ಇದರಷ್ಟು ನೆರವಾದ ಆರೋಗ್ಯ ಯೋಜನೆ ಇಲ್ಲ, ಇದು ಆರೋಗ್ಯ ಇಲಾಖೆಯದಲ್ಲದಿದ್ದರೂ. ಬಸ್ಸೇ ಹೋಗದ ಊರಿನವಳು ಮಾತ್ರ ಮೊದಲು ಟಂಟಂಗೆ ದುಡ್ಡು ಕೊಟ್ಟು, ಆಮೇಲೆ ಪುಕ್ಕಟೆ ಬಸ್ಸು ಹತ್ತಬೇಕು. ಅಂಗವಿಕಲರ ರಿಯಾಯಿತಿ ಪಾಸು ವಾಸದ ಊರಿನಿಂದ 100 ಕಿಲೊಮೀಟರ್‌ಗೆ ನಿಲ್ಲುತ್ತದೆ.

2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಯಾದ ಸಕಾಲ ಕಾಯ್ದೆ ಪ್ರಮಾಣಪತ್ರ, ಪಿಂಚಣಿ ಮುಂತಾದ ಸೇವೆಗಳಿಗೆ ದಿನದ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು, ಮೇಲ್ಮನವಿ ಹಾಕಬಹುದು. ಕೇಳುವವರು ಅಪರೂಪ. ನಾಳೆಯೂ ಅದೇ ಗುಮಾಸ್ತೆಯ ಮುಂದೆ ನಿಲ್ಲಬೇಕಾದವರು 20 ರೂಪಾಯಿಗೆ ಹಗೆ ಕಟ್ಟಿಕೊಳ್ಳುವುದಿಲ್ಲ.

ರೇಷನ್ ಅಂಗಡಿಯ ಯಂತ್ರ ಆಧಾರ್ ಜತೆ ತಾಳೆ ನೋಡಲು ಹೆಬ್ಬೆಟ್ಟು ಕೇಳುತ್ತದೆ. ಹತ್ತಿ ಬಿಡಿಸಿ, ಕಳೆ ತೆಗೆದು, ನೂಲು ಹಿಡಿದು ಗೆರೆ ಸವೆದ ಬೆರಳನ್ನು ಅದು ಗುರುತಿಸದು. ಅಜ್ಜಿ ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ, ಆಗದಿದ್ದರೆ ಸರ್ವರ್ ಬಿಜಿ ಎಂದು ಅಂಗಡಿಯವನು ಸಂಜೆ ಬರಹೇಳುತ್ತಾನೆ. ಆಧಾರ್ ಇಲ್ಲವೆಂದು ಧಾನ್ಯ ನಿರಾಕರಿಸಬಾರದೆಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. 2025ರ ಏಪ್ರಿಲ್ 30ರ ಪ್ರಗ್ಯಾ ಪ್ರಸೂನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಕಣ್ಣು ಕಾಣದವರೂ ಮುಖ ಸುಟ್ಟವರೂ ಗುರುತು ದೃಢೀಕರಿಸಲು ಬೇರೆ ದಾರಿ ಇರಬೇಕೆಂದಿತು.

ಗುಳೆ ಹೋಗುವವರ ವಿಷಯದಲ್ಲಿ ನಿಯಮಗಳು ಇನ್ನೂ ಹಿಂದಿವೆ. ಸುಗ್ಗಿ ಮುಗಿದ ಮೇಲೆ ಇಲ್ಲಿನ ಕೂಲಿಕಾರರು ಮಂಗಳೂರು, ಗೋವಾ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ರೇಷನ್ ಕಾರ್ಡು ಈಗ ದೇಶದ ಯಾವ ಅಂಗಡಿಯಲ್ಲಾದರೂ ನಡೆಯುತ್ತದೆ. ಶಕ್ತಿಯ ಶೂನ್ಯ ಟಿಕೆಟ್ ರಾಜ್ಯದ ಗಡಿಗೆ ಮುಗಿಯುತ್ತದೆ. ಅಂಗನವಾಡಿಯ ಮಗು, ತಾಯಿ ಕಾರ್ಡಿನ ಗರ್ಭಿಣಿ, ಪಂಚಾಯಿತಿಯ ಶೇ. 5ರ ಪಟ್ಟಿಯಲ್ಲಿದ್ದ ಕಾಲಿಲ್ಲದ ಹುಡುಗ ಊರಿನ ದಾಖಲೆಯಲ್ಲಿ ‘ಗೈರು’ ಎಂದಾಗುತ್ತಾರೆ. ಹೋದ ಊರಿನ ದಾಖಲೆಯಲ್ಲಿ ಅವರ ಹೆಸರೇ ಇರುವುದಿಲ್ಲ. ಜಾತ್ರೆಗೋ ಮತದಾನಕ್ಕೋ ಮರಳಿದಾಗ ವಿಆರ್‌ಡಬ್ಲ್ಯು ಮತ್ತು ಅಂಗನವಾಡಿ ಟೀಚರ್ ಅವರ ಹೆಸರುಗಳನ್ನು ಮತ್ತೆ ಬರೆದುಕೊಳ್ಳುತ್ತಾರೆ.